ಹೊಳೆಯುವ ಡಬ್ಬಿಯೊಳಗಿನ ಚೋಕು

ಸರಸ್ವತಿಪುರಂ, ಮೈಸೂರು
ಭಾನುವಾರ, ೧೭ ಮಾರ್ಚ್ ೨೦೦೨

ಮಹೇಶನಿಗೆ,

ಹೆಸರಿನ ಹಿಂದೆ ‘ಪ್ರೀತಿಯ’ ಅಂತ ಸೇರಿಸುವುದು ನನ್ನ ರೂಢಿ. ನೀನು ಹಾಸ್ಟೆಲಿನಲ್ಲಿದ್ದಾಗ ಬರೆದ ಕಾಗದಗಳಲ್ಲೆಲ್ಲ ಅದು ಇತ್ತು. ಇವತ್ತು ಇಲ್ಲ. ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು. ನೀನು ಆರೋಗ್ಯವಾಗಿದ್ದೀಯಾ ಅಂತಲೂ ಕೇಳಬೇಕಾಗಿಲ್ಲ. ಹೋದ ವಾರ ಪುಣೆಯಿಂದ ನಿನ್ನ ಅಂಗಡಿಯ ಕರಪತ್ರ ಬಂತು, ಅದರಲ್ಲಿ ನಿನ್ನ ಫೋಟೋ ನೋಡಿದೆ. ಕೆನ್ನೆ ತುಂಬಿಕೊಂಡಿದೆ, ಕೋಟು ಹಾಕಿದ್ದೀಯ, ಚೆನ್ನಾಗಿಯೇ ಇದ್ದೀಯ. ಶಿಲ್ಪಶ್ರೀ ಮತ್ತು ಮಗು ಗಗನ ಕ್ಷೇಮವೆಂದು ನಂಬಿದ್ದೇನೆ. ಅವರಿಬ್ಬರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ, ಹಾಗಂತ ಶಿಲ್ಪಶ್ರೀಗೆ ಹೇಳು. ಇಲ್ಲಿಯ ಆರೋಗ್ಯ ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ನಿಮ್ಮಣ್ಣನ ಎಡಗೈ ಕಟ್ಟು ಬಿಚ್ಚಿದ್ದಾರೆ. ಅಂಗೈ ನಡುವೆ ಚರ್ಮ ಕೆಂಪಗೆ ಸುಕ್ಕುಗಟ್ಟಿ ಒಳಕ್ಕೆ ಎಳೆದುಕೊಂಡಿದೆ. ಉಂಗುರದ ಬೆರಳು, ಕಿರುಬೆರಳು ಮಡಿಸಿದ ಹಾಗೇ ಇವೆ, ಬಿಡಿಸಲು ಬರುವುದಿಲ್ಲ. ಬರುತ್ತೋ ಇಲ್ಲವೋ ಡಾಕ್ಟರು ಹೇಳುತ್ತಿಲ್ಲ. ಬಿಸಿನೀರಿನಲ್ಲಿ ಕೈ ಅದ್ದಿ ಒಂದೊಂದೇ ಬೆರಳನ್ನು ನಾನೇ ಎಳೆದು ಎಳೆದು ಬಿಡಿಸುತ್ತೇನೆ. ಅವರು ಹಲ್ಲು ಕಚ್ಚಿಕೊಂಡು ಕಿಟಕಿಯ ಕಡೆ ನೋಡುತ್ತಾರೆ. ಹಾಗೆ ಎಳೆಯುವಾಗಲೆಲ್ಲ ನನಗೆ ನೆನಪಾಗುವುದು ನೀನು.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನೀನು ಮೂರನೇ ಕ್ಲಾಸು. ನಿಮ್ಮಮ್ಮ ತೀರಿಕೊಂಡು ವರ್ಷ ತುಂಬಿರಲಿಲ್ಲ. ಮದುವೆಯ ಮೊದಲ ವಾರವೇ ನಿನಗೆ ಗದ್ದಬಾವು ಬಂತು, ಗಂಜಿ ಕುಡಿಸಿದವಳು ನಾನು. ನನಗೆ ನೀನು ಮೈದುನ ಅಂತ ಯಾವತ್ತೂ ಅನ್ನಿಸಲಿಲ್ಲ. ಮಕ್ಕಳಾಗದ ನಮಗೆ ಇದ್ದವನು ನೀನೊಬ್ಬನೇ. ಇದನ್ನು ಉಪಕಾರದ ಲೆಕ್ಕ ಹೇಳಲು ಬರೆಯುತ್ತಿಲ್ಲ. ಯಾವ ಕೈ ನಿನಗೆ ತಂತಿ ಬೆಸೆಯುವ ಸಾಲ್ಡರಿಂಗ್ ಕಡ್ಡಿ ಹಿಡಿಯುವುದನ್ನು ಕಲಿಸಿತೋ, ಯಾವ ಕೈ ನೀನು ಮಾಡಿದ ಮೊದಲ ರೇಡಿಯೋವನ್ನು ಬೀದಿಯವರಿಗೆಲ್ಲ ಎತ್ತಿ ತೋರಿಸಿತೋ, ಆ ಕೈ ಈಗ ಲೋಟ ಹಿಡಿಯುವುದಿಲ್ಲ ಅಂತ ನಿನಗೆ ತಿಳಿಯಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ದೊಡ್ಡ ಸೆಟ್ಟು ನಿನಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಮದುವೆಯಾದ ವರ್ಷ ರೆಕಾರ್ಡಿನ ಹಾಡು ಜೋರಾಗಿ ಕೇಳಿಸಲು ನಿಮ್ಮಣ್ಣ ತಾವೇ ಕೂತು ಕಟ್ಟಿದ ವಾಲ್ವ್ ಆಂಪ್ಲಿಫೈಯರ್ ಅದು. ತಗಡಿನ ಪೆಟ್ಟಿಗೆಯ ಮೇಲೆ ನಾಲ್ಕು ಗಾಜಿನ ವಾಲ್ವು, ಟ್ರಾನ್ಸ್‌ಫಾರ್ಮರ್, ಪಕ್ಕದಲ್ಲಿ ಚೋಕು. ಗೋಡೆಯಿಂದ ಬರುವ ಕರೆಂಟು ಏರುತ್ತ ಇಳಿಯುತ್ತ ಬರುತ್ತೆ, ವಾಲ್ವಿಗೆ ಬೇಕಾದ್ದು ಒಂದೇ ಸಮನಾದದ್ದು. ಆ ಏರಿಳಿತವನ್ನು ಹಿಡಿದು ತಡೆಯುವುದು ಚೋಕಿನ ಕೆಲಸ. ಅದು ಸರಿಯಿಲ್ಲದಿದ್ದರೆ ಹಾಡಿನ ಹಿಂದೆ ಗುಂಯ್ ಅಂತ ಒಂದು ಸದ್ದು ಕೂತುಬಿಡುತ್ತೆ. ಇದನ್ನೆಲ್ಲ ನಿನಗೆ ನಾನು ಯಾಕೆ ಹೇಳುತ್ತಿದ್ದೇನೆ ಅಂದರೆ, ಇದನ್ನು ನಾನು ನಿನಗಿಂತ ಮೊದಲು ಕಲಿತವಳು. ಮದುವೆಯಾದ ಹೊಸದರಲ್ಲಿ ಬೇರೆ ಹೆಂಗಸರನ್ನು ಗಂಡಂದಿರು ಸಿನಿಮಾಕ್ಕೆ ಕರೆದುಕೊಂಡು ಹೋದರೆ, ನಿಮ್ಮಣ್ಣ ನನ್ನನ್ನು ವೈಂಡಿಂಗ್ ಮಿಷನ್ನಿನ ಮುಂದೆ ಕೂರಿಸಿದರು. ನಾನು ಹಿಡಿ ತಿರುಗಿಸುವುದು, ಅವರು ಕೂದಲೆಳೆಯಷ್ಟು ತೆಳ್ಳಗಿನ ತಾಮ್ರದ ತಂತಿಯನ್ನು ಎರಡು ಬೆರಳ ನಡುವೆ ನಡೆಸುವುದು. ಸ್ಕೂಲಿನಲ್ಲಿ ಪಾಠ ಮಾಡಿ ಬಂದ ಸುಸ್ತು ಅಲ್ಲಿ ಕೂತರೆ ಹೋಗುತ್ತಿತ್ತು. ಆ ಸೆಟ್ಟಿನ ಚೋಕು ನಾವಿಬ್ಬರು ಸೇರಿ ಸುತ್ತಿದ್ದು.

ಹೋದ ಬೇಸಿಗೆಯಲ್ಲಿ ಕರೆಂಟು ಸಿಕ್ಕಾಪಟ್ಟೆ ಏರಿ ಇಳಿದು ಆ ಚೋಕು ಸುಟ್ಟುಹೋಯಿತು. ವಾರ್ನಿಷ್ ಕರಕಲಾದ ವಾಸನೆ ಮನೆ ತುಂಬ. ನಿಮ್ಮಣ್ಣ ಅದನ್ನು ಬಿಚ್ಚಿ ಹೊಸದಾಗಿ ಸುತ್ತೋಣ ಅಂತಲೇ ಇದ್ದರು. ಅಷ್ಟರಲ್ಲಿ ನಿನ್ನ ಫೋನ್ ಬಂತು. “ಅಣ್ಣಾ, ಸುತ್ತೋದೆಲ್ಲ ಬೇಡ. ನಾನೀಗ ಅದೇ ಕೆಲಸ ಮಾಡ್ತಿರೋದು. ದೀಪಾವಳಿಗೆ ಬರ್ತಾ ಹೊಸದು ತರ್ತೀನಿ, ನಿಮ್ಮ ಸೆಟ್ಟಿಗೇ ಅಂತ ಮಾಡಿಸಿದ್ದು” ಅಂದೆ. ಹಳೇ ಕಾಲದ ವಾಲ್ವ್ ಸೆಟ್ಟುಗಳನ್ನು ಹೊಸದಾಗಿ ಮಾಡಿ ಮಾರುವ ನಿನ್ನ ವ್ಯಾಪಾರದ ಬಗ್ಗೆ ನಿಮ್ಮಣ್ಣನಿಗೆ ಎಷ್ಟು ಹೆಮ್ಮೆ ಇತ್ತು ಗೊತ್ತಾ? ಮೇಟಗಳ್ಳಿಯ ಅವರ ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಕಲ್ ಮೆಂಟೆನೆನ್ಸಿನವರಿಗೆಲ್ಲ ಹೇಳಿಕೊಂಡು ಬಂದಿದ್ದರು, ನನ್ನ ತಮ್ಮ ನನಗಿಂತ ಮುಂದೆ ಹೋದ ಅಂತ.

ದೀಪಾವಳಿಗೆ ಬಂದೆ. ಹೊಳೆಯುವ ಸ್ಟೀಲಿನ ಡಬ್ಬಿಯೊಳಗೆ ಟಾರು ಸುರಿದು ಮುಚ್ಚಿದ ಚೋಕು ತಂದೆ. ನೀನೇ ಕೂರಿಸಿದೆ. ಡಬ್ಬಿ ತಗಡಿಗೆ ತಾಗದ ಹಾಗೆ ಅಡಿಗೆ ದಪ್ಪ ರಬ್ಬರ್ ವಾಷರ್ ಇಟ್ಟೆ, ಸ್ಕ್ರೂಗಳಿಗೂ ಪ್ಲಾಸ್ಟಿಕ್ ಕೊಳವೆ ಹಾಕಿದೆ. ನಿಮ್ಮಣ್ಣ ಯಾಕೆ ಅಂತ ಕೇಳಿದ್ದಕ್ಕೆ, “ಅದುರಾಟ ತಗಡಿಗೆ ಇಳೀಬಾರದು ಅಣ್ಣಾ, ಈಗಿನ ಡಿಸೈನೇ ಹಿಂಗೆ” ಅಂತ ನಕ್ಕೆ. ಅವರು ಆ ಡಬ್ಬಿಯನ್ನು ಕೈಯಲ್ಲಿ ತೂಗಿ ನೋಡಿದ್ದು ನನಗೆ ಕಾಣಿಸಿತು. ನೀನು ಸ್ನಾನಕ್ಕೆ ಹೋದಾಗ ನಾನೇ ಮೆಲ್ಲಗೆ ಕೇಳಿದೆ, ಒಂದು ಸಲ ಬಿಚ್ಚಿ ನೋಡಬಾರದಾ ಅಂತ. “ಬುಡು ನೀಲಾ, ಹುಡುಗ ಆಸೆಯಿಂದ ತಂದವ್ನೆ. ಬಿಚ್ಚಿದ್ರೆ ಮುಖ ಸಣ್ಣ ಮಾಡ್ಕೋತಾನೆ” ಅಂದರು. ಮೂವತ್ತು ವರ್ಷ ಕರೆಂಟಿನ ಕೆಲಸ ಮಾಡಿದ ಮನುಷ್ಯ, ಯಾರ ಮಾತನ್ನೂ ನಂಬದೆ ಪ್ರತಿಯೊಂದು ತಂತಿಗೂ ಮೀಟರ್ ಹಿಡಿದು ನೋಡುವವರು, ನಿನ್ನ ಡಬ್ಬಿಯನ್ನು ಮಾತ್ರ ಹಾಗೇ ಬಿಟ್ಟರು. ಆವತ್ತು ನೀನು ಒಬ್ಬಟ್ಟು ತಿಂದು, ಅಣ್ಣನ ಕಾಲಿಗೆ ಬಿದ್ದು ಬಸ್ಸು ಹತ್ತಿದೆ.

ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಬೆಳಿಗ್ಗೆ ನಡೆದದ್ದನ್ನು ನೀನು ಯಾರ ಬಾಯಿಂದಲೋ ಕೇಳಿದ್ದೀಯ. ಈಗ ಕಂಡವಳ ಬಾಯಿಂದ ಕೇಳು. ನಾನು ಅಡಿಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದೆ. ಅವರು ಪೂಜೆ ಮುಗಿಸಿ ವಚನದ ರೆಕಾರ್ಡು ಹಾಕಿದ್ದರು. ಸ್ವಲ್ಪ ಹೊತ್ತಿಗೆ ಗುಂಯ್ ಅನ್ನುವ ಸದ್ದು ಶುರುವಾಗಿ ಜಾಸ್ತಿಯಾಗುತ್ತ ಬಂತು. ಅವರು ಎದ್ದು ಹೋದ ಸಪ್ಪಳವೂ ಕೇಳಿಸಿತು. ಹಾಡನ್ನು ಆ ಸದ್ದೇ ನುಂಗಿಕೊಂಡಂತಾಯಿತು. “ಆಫ್ ಮಾಡ್ರೀ ಅದನ್ನ” ಅಂತ ಅಲ್ಲಿಂದಲೇ ಕೂಗಿದೆ. ಸದ್ದು ನಿಲ್ಲಲಿಲ್ಲ. ಕೈ ಹಿಟ್ಟಿನಲ್ಲೇ ಬಂದು ನೋಡಿದೆ. ಬಲಗೈ ಪೆಟ್ಟಿಗೆಯ ಸ್ವಿಚ್ಚಿನ ಮೇಲೆ, ಎಡಗೈ ನಿನ್ನ ಹೊಳೆಯುವ ಡಬ್ಬಿಯ ಮೇಲೆ. ಸದ್ದು ಎಲ್ಲಿಂದ ಅಂತ ಮುಟ್ಟಿ ನೋಡುತ್ತ ಸೆಟ್ಟು ಆರಿಸಲು ಹೋಗಿದ್ದಾರೆ. ಮೈಯೆಲ್ಲ ಸೆಟೆದುಕೊಂಡಿತ್ತು. ಬಾಯಿ ತೆರೆದಿತ್ತು, ಒಂದು ಸ್ವರ ಹೊರಡುತ್ತಿರಲಿಲ್ಲ. ಕಣ್ಣುಗಳು ನನ್ನನ್ನು ನೋಡುತ್ತಿದ್ದವು, ಮಹೇಶ. ನಾನು ಅಲ್ಲಿದ್ದೇನೆ ಅಂತ ಅವರಿಗೆ ಗೊತ್ತಾಗಿತ್ತು, ಹತ್ತಿರ ಬರಬೇಡ ಅಂತ ಹೇಳಲಿಕ್ಕೆ ಆಗುತ್ತಿರಲಿಲ್ಲ. ನಾನು ವರಾಂಡಕ್ಕೆ ಓಡಿ ಮೇನ್ ಸ್ವಿಚ್ಚು ಕೆಳಗೆಳೆದೆ. ಒಳಗೆ ಅವರು ಬಿದ್ದ ಸದ್ದು ಕೇಳಿಸಿತು. ಜೀವ ಇದೆಯೋ ಇಲ್ಲವೋ ನೋಡಲು ಒಳಗೆ ಹೋಗಬೇಕಲ್ಲ, ಆ ಹೊಸ್ತಿಲು ದಾಟಿದ್ದು ಹೇಗೆ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ.

ಜೀವ ಇತ್ತು. ಆಸ್ಪತ್ರೆಯಲ್ಲಿ ಹೃದಯಕ್ಕೆ ಏನಾದರೂ ಆಗಿದೆಯಾ ಅಂತ ತಂತಿ ಅಂಟಿಸಿ ಇಟ್ಟುಕೊಂಡಿದ್ದರು. ಮಾತು ಬಂದ ಕೂಡಲೇ ಡಾಕ್ಟರಿಗೆ ಅವರು ಹೇಳಿದ್ದು ಇದು: “ನಂದೇ ತಪ್ಪು ಸಾರ್. ಆನ್ ಇರೋ ಸೆಟ್ಟಿನ ಒಳಗೆ ಕೈ ಹಾಕ್ಬುಟ್ಟೆ.” ನಾನು ಪಕ್ಕದಲ್ಲೇ ನಿಂತಿದ್ದೆ. ಒಳಗೆ ಅವರು ಕೈ ಹಾಕಿರಲಿಲ್ಲ. ಮೇಲಿನ ಮುಚ್ಚಿದ ಡಬ್ಬಿಯನ್ನು ಮುಟ್ಟಿದ್ದರು. ಫ್ಯಾಕ್ಟರಿಯ ಸಾಹೇಬರು ನೋಡಲು ಬಂದಾಗಲೂ ಅದೇ ಮಾತು. ಅದರ ಫಲ ಏನಾಯಿತು ಗೊತ್ತಾ? ಕರೆಂಟಿನ ಕೆಲಸದವನೇ ಮನೆಯಲ್ಲಿ ಹೀಗೆ ಮಾಡಿಕೊಂಡರೆ ಇಲ್ಲಿ ಹುಡುಗರ ಜೀವಕ್ಕೆ ಯಾರು ಹೊಣೆ ಅಂತ ಅವರನ್ನು ಮೆಂಟೆನೆನ್ಸಿನಿಂದ ತೆಗೆದು ಸ್ಟೋರಿನಲ್ಲಿ ಕೂರಿಸಿದ್ದಾರೆ. ನಟ್ಟು ಬೋಲ್ಟು ಕೊಡುವುದು, ಪೊರಕೆ ಬಕೆಟ್ಟು ಕೊಡುವುದು. ಅವರ ಕೈಕೆಳಗೆ ಕೆಲಸ ಕಲಿತವರು ಬಂದು ಕಿಟಕಿಯಲ್ಲಿ ನಿಂತು ಕೈಗವಸು ಕೇಳುತ್ತಾರೆ, ಅವರು ಎಣಿಸಿ ಕೊಡುತ್ತಾರೆ.

ಇಷ್ಟರ ನಡುವೆ ನಿನ್ನದು ಒಂದೇ ಒಂದು ಫೋನು. “ಅಣ್ಣಂಗೆ ವಯಸ್ಸಾಯ್ತು ಅತ್ತಿಗೆ. ಇನ್ಮೇಲೆ ಅದನ್ನೆಲ್ಲ ಮುಟ್ಟೋಕೆ ಬಿಡ್ಬೇಡಿ.” ಐವತ್ತೆರಡು ಒಂದು ವಯಸ್ಸೇನೋ? ಆವತ್ತು ನಾನು ಹೂಂ ಅಂದು ಇಟ್ಟೆ, ಮನಸ್ಸಿಗೆ ಮಂಕು ಕವಿದಿತ್ತು. ಆದರೆ ಫೆಬ್ರವರಿಯಲ್ಲಿ ಇಲವಾಲದಲ್ಲಿ ನಿಮ್ಮ ಸೋದರತ್ತೆಯ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆವು. ಪಂಕ್ತಿಯಲ್ಲಿ ಕೂತಾಗ ಸೋದರತ್ತೆ ನಿಮ್ಮಣ್ಣನ ಎಲೆಯ ಪಕ್ಕ ನಿಂತು, ಎಲ್ಲರಿಗೂ ಕೇಳುವ ಹಾಗೆ, “ಮಹೇಶ ಹೇಳ್ದ ಕಣಪ್ಪ, ನಿಂಗೆ ಈಚೀಚೆಗೆ ಕೈ ನಡುಗ್ತದಂತೆ, ಯಾವ ತಂತಿ ಎಲ್ಲಿ ಅಂತ ಮರ್ತು ಹೋಗ್ತದಂತೆ” ಅಂದರು. ನಿಮ್ಮಣ್ಣ ಬಲಗೈಯಲ್ಲಿ ಅನ್ನ ಕಲಸುತ್ತಿದ್ದವರು ಹಾಗೇ ನಿಲ್ಲಿಸಿದರು. ಆಮೇಲೆ ತಲೆಯಾಡಿಸಿ, “ಹೂಂ ಅತ್ತೆ, ಸ್ವಲ್ಪ ಹಂಗೇ” ಅಂದರು. ನಿನ್ನ ಸುಳ್ಳಿಗೆ ಅವರು ಅಷ್ಟು ಜನರ ಮುಂದೆ ಹೂಂಗುಟ್ಟಿದರು. ಆ ಕ್ಷಣದಲ್ಲೇ ತೀರ್ಮಾನ ಮಾಡಿದೆ, ಆ ಡಬ್ಬಿ ಬಿಚ್ಚಲೇಬೇಕು ಅಂತ.

ಮಾರನೆಯ ದಿನ ಸ್ಕೂಲಿಗೆ ರಜ ಹಾಕಿ, ಡಬ್ಬಿಯನ್ನು ವಾಷರು ಸಮೇತ ಸೆಟ್ಟಿನಿಂದ ಕಳಚಿ, ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಸಿಟಿ ಬಸ್ಸು ಹತ್ತಿದೆ. ಮೇಟಗಳ್ಳಿಯಲ್ಲಿ ಮೋಟಾರು ವೈಂಡಿಂಗ್ ಮಾಡುವ ಚನ್ನಬಸವಯ್ಯನವರು ನಿನಗೆ ನೆನಪಿರಬೇಕು, ನಿಮ್ಮಣ್ಣನ ಸ್ನೇಹಿತರು. ನೀನು ಹತ್ತನೇ ಕ್ಲಾಸಿನ ರಜದಲ್ಲಿ ಅವರ ಅಂಗಡಿಯಲ್ಲೇ ಕೂತು ಕೆಲಸ ನೋಡುತ್ತಿದ್ದೆ. ಅವರು ಡಬ್ಬಿ ಕತ್ತರಿಸಿ, ಬಿಸಿ ಮಾಡಿ ಟಾರು ಇಳಿಸಿದರು. ಒಳಗಿಂದ ಬಂದದ್ದು ಟ್ಯೂಬ್‌ಲೈಟಿನ ಚೋಕು. ಕೆರೆದು ಕೆರೆದು ಅದರ ಬಣ್ಣ ತೆಗೆದಿದ್ದೀಯ, ಕಂಪನಿಯ ಚೀಟಿ ಮೂಲೆಯಲ್ಲಿ ಸ್ವಲ್ಪ ಉಳಿದಿತ್ತು. ನಮ್ಮ ಅಡಿಗೆಮನೆಯ ಲೈಟಿಗೆ ಹಾಕುವಂಥದ್ದು, ಅದೂ ಗುಜರಿಯಿಂದ ಬಂದ ಹಳೆಯದು. ಮನೆಯ ಕರೆಂಟು ತಡೆಯುವಷ್ಟು ಮಾತ್ರ ಬಲ ಅದಕ್ಕೆ. ದೊಡ್ಡ ಸೆಟ್ಟಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿನ ವೋಲ್ಟೇಜು. ಒಂದು ಕಡೆ ತಂತಿಯ ಹೊದಿಕೆ ಸುಟ್ಟು ತಾಮ್ರ ನೇರವಾಗಿ ಕಬ್ಬಿಣಕ್ಕೆ ತಾಗಿತ್ತು. ಚನ್ನಬಸವಯ್ಯನವರು ನಿನ್ನ ರಬ್ಬರ್ ವಾಷರುಗಳನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. “ಇವು ಇಲ್ದಿದ್ರೆ ತಂತಿ ತಾಗಿದ ತಕ್ಷಣ ಕರೆಂಟು ತಗಡಿಗೆ ಇಳಿದು ಫ್ಯೂಸು ಹಾರಿ ಸೆಟ್ಟು ಸತ್ತೋಗ್ತಿತ್ತು ಕಣಮ್ಮ, ಮನುಷ್ಯಂಗೆ ಏನೂ ಆಗ್ತಿರ್ಲಿಲ್ಲ. ಇವು ಇದ್ದಿದ್ರಿಂದ ಡಬ್ಬಿ ಪೂರಾ ಕರೆಂಟು ತುಂಬ್ಕೊಂಡು ಕೂತಿತ್ತು” ಅಂದರು. ಯಾರು ಮಾಡಿದ್ದು ಅಂತ ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಸಾಯಂಕಾಲ ನಿಮ್ಮಣ್ಣ ಬಂದು ಅಡಿಗೆಕಟ್ಟೆಯ ಮೇಲೆ ಆ ಚೂರುಗಳನ್ನು ನೋಡಿದರು. ಆಶ್ಚರ್ಯ ಪಡಲಿಲ್ಲ. ಅವರಿಗೆ ಆಸ್ಪತ್ರೆಯಲ್ಲೇ ಗೊತ್ತಾಗಿತ್ತು ಅಂತ ನನಗೆ ಆಗ ಹೊಳೆಯಿತು. ಅವರು ಕೇಳಿದ ಮೊದಲ ಮಾತು, “ಇದನ್ನ ಯಾರ್ಗ್ಯಾರ್ಗೆ ತೋರಿಸ್ದೆ?” ಎರಡನೆಯದು, “ಹುಡುಗ ಹೊಸದಾಗಿ ವ್ಯಾಪಾರ ಶುರು ಮಾಡವ್ನೆ, ಹೆಸರು ಕೆಟ್ರೆ ಎದ್ದೇಳ್ತಾನಾ?” ನನಗೆ ಬಂದ ಕೋಪ ಹೇಳಲಾರೆ. “ನಿಮ್ಮ ಹೆಸರು ಕೆಟ್ಟಿದ್ದು ಲೆಕ್ಕಕ್ಕಿಲ್ವಾ?” ಅಂತ ಕಿರುಚಿದೆ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವರ ಮೇಲೆ ನಾನು ಹಾಗೆ ದನಿ ಎತ್ತಿದವಳಲ್ಲ. ಅವರು ನಿನಗೆ ಕಾಗದ ಬರೆಯಬಾರದು ಅಂತ ನನ್ನಿಂದ ಮಾತು ತೆಗೆದುಕೊಳ್ಳಲು ನೋಡಿದರು. ನಾನು ಕೊಡಲಿಲ್ಲ. ಅವತ್ತಿನಿಂದ ಮನೆಯಲ್ಲಿ ಮಾತು ನಿಂತಿತು. ಊಟಕ್ಕೆ ಬನ್ನಿ ಅಂತ ನಾನು ತಟ್ಟೆ ಸದ್ದು ಮಾಡುವುದು, ಸಾಕು ಅಂತ ಅವರು ಕೈ ಅಡ್ಡ ಹಿಡಿಯುವುದು.

ನಿನಗೆ ಇನ್ನೊಂದು ತಿಳಿದಿರಲಿ. ನೀನು ಈಗ ಲಿಂಗಪೂಜೆ ಮಾಡುತ್ತೀಯೋ ಇಲ್ಲವೋ ಗೊತ್ತಿಲ್ಲ. ನಿಮ್ಮಣ್ಣ ಒಂದು ದಿನ ಬಿಟ್ಟವರಲ್ಲ, ಜ್ವರ ಬಂದರೂ ಬಿಟ್ಟವರಲ್ಲ. ಲಿಂಗ ಕೂರುವುದು ಎಡ ಅಂಗೈಯಲ್ಲಿ. ನೀನು ಸುಟ್ಟದ್ದು ಅದೇ ಅಂಗೈ. ಆಸ್ಪತ್ರೆಯಿಂದ ಬಂದ ಮೇಲೆ ಕಟ್ಟು ಕಟ್ಟಿದ ಕೈಯನ್ನು ಎದೆಯ ಮುಂದೆ ಚಾಚಿ ಅದರ ಮೇಲೆ ಇಟ್ಟುಕೊಳ್ಳಲು ನೋಡುತ್ತಿದ್ದರು. ಕಟ್ಟಿನ ಮೇಲೆ ನಿಲ್ಲದೆ ಲಿಂಗ ಜಾರುತ್ತಿತ್ತು. ಮಠದ ಸ್ವಾಮಿಗಳು ಬಂದು, ವಾಸಿಯಾಗುವವರೆಗೆ ಬಲಗೈಯಲ್ಲಿ ಇಟ್ಟುಕೊಳ್ಳಿ, ಭಕ್ತಿ ಮುಖ್ಯ ಅಂತ ಹೇಳಿದರು. ಇವರು ತಲೆದೂಗಿದರು, ಆದರೆ ಹಾಗೆ ಮಾಡಲು ಮನಸ್ಸು ಒಪ್ಪಲಿಲ್ಲ. ಮೊನ್ನೆ ಶಿವರಾತ್ರಿಯ ಬೆಳಿಗ್ಗೆ ದೇವರ ಕೋಣೆಯಲ್ಲಿ ಸುಮ್ಮನೆ ಕೂತಿದ್ದರು, ಕಣ್ಣಲ್ಲಿ ನೀರು. ಮಾತು ಬಿಟ್ಟಿದ್ದೆವಲ್ಲ, ನಾನು ಏನೂ ಹೇಳದೆ ಪಕ್ಕ ಕೂತು ಅವರ ಕೈಯ ಕೆಳಗೆ ನನ್ನ ಕೈ ಕೊಟ್ಟೆ. ಮಡಿಸಿಕೊಂಡ ಬೆರಳುಗಳನ್ನು ನನ್ನ ಹೆಬ್ಬೆರಳಿನಿಂದ ಹಿಡಿದು ಬಿಡಿಸಿದೆ. ಲಿಂಗ ನಿಂತಿತು. ಪೂಜೆ ಮುಗಿಯುವವರೆಗೆ ಇಬ್ಬರೂ ಹಾಗೇ ಕೂತಿದ್ದೆವು. ನಾನು ಕೂತು ಏನು ಬೇಡಿಕೊಂಡೆ ಅಂತ ಕೇಳಬೇಡ. ಒಳ್ಳೆಯದನ್ನು ಬೇಡಿಕೊಳ್ಳಲಿಲ್ಲ.

ಅವತ್ತೇ ಮಧ್ಯಾಹ್ನ ಮಂಚದ ಕೆಳಗಿಂದ ಹಳೇ ಚೋಕು ಎಳೆದೆ, ನೀನು ದೀಪಾವಳಿಯಲ್ಲಿ ಗುಜರಿಗೆ ಹಾಕಿ ಅಂದಿದ್ದೆಯಲ್ಲ, ಅದೇ. ಸುಟ್ಟ ತಂತಿಯನ್ನೆಲ್ಲ ಕತ್ತರಿಸಿ ತೆಗೆದೆ, ಕಬ್ಬಿಣದ ಪಟ್ಟಿಗಳನ್ನು ಒಂದೊಂದಾಗಿ ಬಿಡಿಸಿ ಸೀಮೆಎಣ್ಣೆಯಲ್ಲಿ ಒರೆಸಿದೆ. ಚನ್ನಬಸವಯ್ಯನವರು ತಂತಿ ಕೊಟ್ಟಿದ್ದರು. ವೈಂಡಿಂಗ್ ಮಿಷನ್ನನ್ನು ಊಟದ ಮೇಜಿಗೆ ಬಿಗಿದು ಒಬ್ಬಳೇ ಸುತ್ತಲು ಕೂತೆ, ಒಂದು ಕೈಯಲ್ಲಿ ಹಿಡಿ, ಇನ್ನೊಂದರಲ್ಲಿ ತಂತಿ. ಸ್ವಲ್ಪ ದೂರ ಚೆನ್ನಾಗಿ ಬಂತು, ಆಮೇಲೆ ಪಟ್ ಅಂತ ಕಿತ್ತುಹೋಯಿತು. ಬಿಚ್ಚಿ ಮತ್ತೆ ಶುರು ಮಾಡಿದೆ, ಮತ್ತೆ ಕಿತ್ತುಹೋಯಿತು. ಹಾಳಾದ್ದು ಅಂತ ಬೈದು ಹಿಡಿಯನ್ನು ಬಿಟ್ಟೆ. ಆಗ ಒಳಗಿನ ಕೋಣೆಯಿಂದ ದನಿ ಬಂತು. “ಎಳೀಬೇಡ. ಅದು ತಾನಾಗೇ ಬರ್ಲಿ.” ಅಷ್ಟು ದಿನದ ಮೇಲೆ ಅವರು ಆಡಿದ ಮೊದಲ ಮಾತು. ಎದ್ದು ಬಂದು ಪಕ್ಕದಲ್ಲಿ ಕೂತರು. ಬಲಗೈಯ ಎರಡು ಬೆರಳಲ್ಲಿ ತಂತಿ ಹಿಡಿದರು, ನಾನು ಹಿಡಿ ತಿರುಗಿಸಿದೆ. ಒಂದು ಪದರ ಮುಗಿದರೆ ಒಂದು ಕಾಗದ, ಮತ್ತೆ ಒಂದು ಪದರ. ಒಬ್ಬರ ಮುಖ ಒಬ್ಬರು ನೋಡಲಿಲ್ಲ, ತಂತಿಯನ್ನು ಮಾತ್ರ ನೋಡಿದೆವು. ಸುತ್ತಿ ಮುಗಿದ ಮೇಲೆ ಪಟ್ಟಿಗಳನ್ನು ಕೂರಿಸಿ, ನಡುವೆ ಕಾಗದದ ಸಂದು ಬಿಟ್ಟು ಬಿಗಿದೆವು. ವಾರ್ನಿಷಿನಲ್ಲಿ ಮುಳುಗಿಸಿ ಚನ್ನಬಸವಯ್ಯನವರ ಒಲೆಯಲ್ಲಿ ಒಣಗಿಸಿ ತಂದೆವು. ನಿನ್ನ ರಬ್ಬರ್ ವಾಷರುಗಳನ್ನು ಬಚ್ಚಲ ಒಲೆಗೆ ಹಾಕಿದೆ. ಚೋಕಿನ ಕಬ್ಬಿಣದಿಂದ ಪೆಟ್ಟಿಗೆಯ ತಗಡಿಗೆ ದಪ್ಪ ತಂತಿಯೊಂದನ್ನು ಬೆಸೆಯಲು ನಿಮ್ಮಣ್ಣ ಹೇಳಿದರು, ಇನ್ನು ಒಳಗೆ ತಂತಿ ತಾಗಿದರೂ ಫ್ಯೂಸು ಹಾರಲಿ ಅಂತ. ಬೆಸೆದವಳು ನಾನು.

ನಿನ್ನೆ ಬೆಳಿಗ್ಗೆ ಸೆಟ್ಟು ಹಚ್ಚಿದೆವು. ಮೊದಲು ಗೋಡೆಯ ಪ್ಲಗ್ಗಿಗೂ ಸೆಟ್ಟಿಗೂ ನಡುವೆ ನೂರು ವಾಟಿನ ಬಲ್ಬನ್ನು ಸೇರಿಸಿ ನೋಡಿದ್ದು. ಬಲ್ಬು ಒಮ್ಮೆ ಪ್ರಖರವಾಗಿ ಉರಿದು ಮೆಲ್ಲಗೆ ಮಂಕಾಯಿತು. ಅಂದರೆ ಎಲ್ಲೂ ತಪ್ಪಿಲ್ಲ. 

ಬಲ್ಬು ತೆಗೆದು ನೇರವಾಗಿ ಕೊಟ್ಟು, ಮುಳ್ಳು ರೆಕಾರ್ಡಿನ ಮೇಲೆ ಇಟ್ಟೆ. ಗುಂಯ್ ಅನ್ನುವ ಸದ್ದು ಹುಡುಕಿದರೂ ಇರಲಿಲ್ಲ. ಹಾಡುವವರು ಉಸಿರು ಎಳೆದುಕೊಳ್ಳುವುದು ಕೂಡ ಕೇಳಿಸುತ್ತಿತ್ತು. ನಾನು ಸಂತೋಷದಿಂದ ತಿರುಗಿ ನೋಡಿದರೆ ನಿಮ್ಮಣ್ಣ ಬಾಗಿಲ ಹತ್ತಿರ ನಿಂತಿದ್ದಾರೆ. ಒಳಗೆ ಬನ್ನಿ ಅಂದೆ. ಇಲ್ಲಿಂದಲೇ ಕೇಳ್ತದೆ ಅಂದರು. ಹಾಡು ಮುಗಿದಾಗ, “ನೀನೇ ಆಫ್ ಮಾಡು” ಅಂದರು. ಅವರ ಕೈ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿತ್ತು. ತಮ್ಮ ಕೈಯಾರೆ ಕಟ್ಟಿದ ಪೆಟ್ಟಿಗೆಯ ಹತ್ತಿರ ಹೋಗಲು ನಿಮ್ಮಣ್ಣನಿಗೆ ಭಯ, ಮಹೇಶ. ಬೆರಳು ಇವತ್ತಲ್ಲ ನಾಳೆ ಬಿಡಿಸಿಕೊಂಡಾವು. ಈ ಭಯವನ್ನು ಯಾವ ಬಿಸಿನೀರಿನಲ್ಲಿ ಅದ್ದಲಿ?

ನೀನು ತಿಳಿಯದೆ ಮಾಡಿದೆ ಅಂತ ನಾನು ಒಪ್ಪುವುದಿಲ್ಲ. ತಿಳಿಯದವನು ಬಣ್ಣ ಕೆರೆಯುವುದಿಲ್ಲ, ಡಬ್ಬಿಗೆ ಟಾರು ಸುರಿದು ಮುಚ್ಚುವುದಿಲ್ಲ, ಫ್ಯೂಸು ಹಾರದ ಹಾಗೆ ಅಡಿಗೆ ರಬ್ಬರ್ ಇಡುವುದಿಲ್ಲ. ಕರಪತ್ರದಲ್ಲಿ ನಿಮ್ಮಣ್ಣನ ಹಳೇ ಫೋಟೋ ಹಾಕಿ, ಮೂವತ್ತು ವರ್ಷದ ಅನುಭವಿಗಳ ಮಾರ್ಗದರ್ಶನ ಅಂತ ಅಚ್ಚು ಹಾಕಿಸಿದ್ದೀಯ, ಪೆಟ್ಟಿಗೆಗಳಿಗೆ ಅವರ ಹೆಸರನ್ನೇ ಇಟ್ಟಿದ್ದೀಯ. ಇಲವಾಲದಲ್ಲಿ ಅವರಿಗೆ ಮರೆವು, ಪುಣೆಯಲ್ಲಿ ಅವರು ಮಾರ್ಗದರ್ಶಿ! ನನಗೆ ಬೇಕಾದ್ದು ಇಷ್ಟೇ. ನೀನು ಇಲ್ಲಿಗೆ ಬಾ. ಫ್ಯಾಕ್ಟರಿಯ ಸಾಹೇಬರ ಮುಂದೆ ನಿಂತು, ತಪ್ಪು ಅಣ್ಣನದಲ್ಲ, ನಾನು ಕೊಟ್ಟ ಚೋಕಿನದು ಅಂತ ಹೇಳು. ಆಮೇಲೆ ಇಲವಾಲಕ್ಕೆ ಹೋಗಿ ಸೋದರತ್ತೆಯ ಮುಂದೆ ಅದೇ ಮಾತು ಹೇಳು. ಅಷ್ಟು ಮಾಡಿದ ಮೇಲೆ ಈ ಮನೆಯ ಹೊಸ್ತಿಲು ತುಳಿ. ಮಾಡಲಾಗದಿದ್ದರೆ ಹಬ್ಬಕ್ಕೂ ಬರಬೇಡ, ಸಾವಿಗೂ ಬರಬೇಡ. ನೀನಿಲ್ಲದೆ ಅವರಿಗೆ ಕಷ್ಟವಾಗುತ್ತೆ, ನನಗೂ ಆಗುತ್ತೆ. ಆಗಲಿ.

ಆಶೀರ್ವಾದವನ್ನು ಶಿಲ್ಪಶ್ರೀಗೆ, ಮಗುವಿಗೆ ಮಾತ್ರ ಕಳಿಸುತ್ತಿದ್ದೇನೆ. ನಿನ್ನ ಪಾಲಿನದು ನನ್ನ ಹತ್ತಿರವೇ ಇರಲಿ.

ಇಂತಿ,
ನಿನ್ನ ಅತ್ತಿಗೆಯಾಗಿದ್ದ
ನೀಲಮ್ಮ ರುದ್ರಸ್ವಾಮಿ

ಮರೆತ ಮಾತು: ಮಹೇಶ, ಕಾಗದ ಮಡಚುವ ಮೊದಲೇ ನಿಮ್ಮಣ್ಣ ಬಂದುಬಿಟ್ಟರು. ಮೇಜಿನ ಮೇಲಿದ್ದದ್ದನ್ನು ನಿಂತಲ್ಲೇ ಪೂರ್ತಿ ಓದಿದರು. ಹರಿದು ಹಾಕುತ್ತಾರೆ ಅಂತ ನಾನು ಕಾದೆ. ಹರಿಯಲಿಲ್ಲ. ಕನ್ನಡಕ ತೆಗೆದು ಕೇಳಿದರು, “ಅವ್ನು ಮಾರ್ತಿರೋ ಸೆಟ್ಟಲ್ಲೂ ಇದೇ ಥರಾನೇ ಕೂರ್ಸವ್ನಾ?” ಇಷ್ಟು ದಿನ ನಿನ್ನನ್ನು ಬೈದುಕೊಂಡು ಓಡಾಡಿದ ನನಗೆ ಇದು ಹೊಳೆದಿರಲೇ ಇಲ್ಲ. ಅವರಿಗೂ ಈಗಷ್ಟೇ ಹೊಳೆದದ್ದು. ಚಪ್ಪಲಿ ಮೆಟ್ಟಿಕೊಂಡು ಎಸ್‌ಟಿಡಿ ಬೂತಿಗೆ ಓಡಿದರು. ನಿನ್ನ ಅಂಗಡಿಯ ಫೋನು ಹೊಡೆದುಕೊಳ್ಳುತ್ತಲೇ ಇದೆಯಂತೆ, ಮನೆಯ ನಂಬರು ಬದಲಾಗಿದೆಯಂತೆ. ಅದಕ್ಕೇ ಲಕೋಟೆಯ ಮೇಲೆಯೇ ‘ಮೊದಲು ಕೊನೆಯ ಪುಟ ಓದು’ ಅಂತ ಬರೆಯುತ್ತಿದ್ದೇನೆ. ನಿನ್ನಿಂದ ಸೆಟ್ಟು ತೆಗೆದುಕೊಂಡವರಿಗೆಲ್ಲ ಈ ಗಳಿಗೆಯಲ್ಲೇ ಫೋನ್ ಮಾಡಿ ಪ್ಲಗ್ಗು ಕೀಳಿಸು. ಯಾರೂ ಆ ಡಬ್ಬಿ ಮುಟ್ಟಬಾರದು. ಯಾಕೆ ಅಂತ ಕೇಳಿದರೆ ನಿಜ ಹೇಳು. ಸಾಹೇಬರಿಗೆ ಹೇಳುವುದು, ಇಲವಾಲದಲ್ಲಿ ಹೇಳುವುದು ಎಲ್ಲ ಆಮೇಲೆ. ನಿಮ್ಮಣ್ಣ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: “ನನ್ನ ಕೈ ಸುಟ್ಟಿದ್ದಕ್ಕೆ ನಾನು ಅವ್ನನ್ನ ಬುಟ್ಟುಬುಡಬೋದು. ಇನ್ನೊಬ್ರ ಕೈಗೆ ನಾನ್ಯಾರು ಬುಡಕ್ಕೆ?” ನಿನ್ನ ವಿಷಯದಲ್ಲಿ ಅವರ ದನಿ ಇಷ್ಟು ಗಟ್ಟಿಯಾದದ್ದನ್ನು ನಾನು ಈವರೆಗೆ ಕೇಳಿಲ್ಲ. ನಾಳೆ ಬೆಳಿಗ್ಗೆ ಇನ್ನೊಮ್ಮೆ ಫೋನ್ ಮಾಡುತ್ತಾರೆ. ನೀನು ಸಿಗದಿದ್ದರೆ ಸಂಜೆಯ ರೈಲಿಗೆ ನಾವಿಬ್ಬರೂ ಹೊರಡುತ್ತೇವೆ. ಅವರು ಆಗಲೇ ಮೀಟರು, ಸ್ಕ್ರೂಡ್ರೈವರು ಚೀಲಕ್ಕೆ ತುಂಬುತ್ತಿದ್ದಾರೆ. ಕಾಗದ ಮೊದಲು ಬರುತ್ತೋ ನಾವು ಮೊದಲು ಬರುತ್ತೇವೋ ಗೊತ್ತಿಲ್ಲ. ಯಾವುದು ಮೊದಲು ಬಂದರೂ, ನಿನ್ನ ಸೆಟ್ಟು ಹೋಗಿರುವ ಮನೆಗಳ ವಿಳಾಸ ಬರೆದಿಟ್ಟುಕೊಂಡಿರು.